ಗಾರ್ಬಲ್ಡ್ ಮೆಣಸಿಗೆ ರೇಟು ಜಾಸ್ತಿ ಏಕೆ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಸೋಮವಾರಪೇಟೆ ಕಡೆ ಸಣ್ಣ ಕಾಫಿ ತೋಟ. ನೆರಳಿನ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಅಪ್ಪ ಇಷ್ಟು ವರ್ಷ ಮೆಣಸನ್ನು ಮಂಡಿಗೇ ಹಾಕುತ್ತಿದ್ದರು. ಬಿ.ಕಾಂ. ಮುಗಿಸಿ ಬಂದ ನಾನು ಈ ಸಲ ನೇರವಾಗಿ ಮಾರಲು ಹೊರಟಿದ್ದೇನೆ. ಕೊಚ್ಚಿಯ ದರಪಟ್ಟಿ ನೋಡಿದರೆ ‘ಪೆಪ್ಪರ್ ಗಾರ್ಬಲ್ಡ್’, ‘ಪೆಪ್ಪರ್ ಅನ್‌ಗಾರ್ಬಲ್ಡ್’ ಎಂದು ಎರಡು ಸಾಲು ಇರುತ್ತದೆ. ಶಾಲೆಯಲ್ಲಿ ನಾವು ಕಲಿತಂತೆ ಗಾರ್ಬಲ್ಡ್ ಅಂದರೆ ಕಲಸುಮೇಲೋಗರ ಆದದ್ದು, ಅರ್ಥ ಕೆಟ್ಟದ್ದು. ಆದರೆ ಪಟ್ಟಿಯಲ್ಲಿ ಗಾರ್ಬಲ್ಡ್‌ಗೇ ರೇಟು ಜಾಸ್ತಿ! ಯಾರೋ ಸಾಲು ಅದಲುಬದಲು ಮಾಡಿದ್ದಾರೆ ಅಂದುಕೊಂಡು, ಹೊರದೇಶದ ಖರೀದಿದಾರರೊಬ್ಬರಿಗೆ ‘ನಮ್ಮ ಮೆಣಸು ಪೂರ್ತಿ ಅನ್‌ಗಾರ್ಬಲ್ಡ್’ ಎಂದು ಬರೆದುಬಿಟ್ಟೆ. ಅವರು ಕಡಿಮೆ ದರ ಹೇಳಿ, ‘ಹಸನು ಮಾಡಿಸುವ ಸೌಕರ್ಯ ನಿಮ್ಮಲ್ಲಿ ಇಲ್ಲವೇ’ ಎಂದು ಕೇಳಿದ್ದಾರೆ. ಡಿ.ಫಾರ್ಮಾ ಓದುತ್ತಿರುವ ನನ್ನ ತಂಗಿಯ ಪುಸ್ತಕದಲ್ಲೂ ‘ಗಾರ್ಬ್ಲಿಂಗ್’ ಅಂತ ಇದೆಯಂತೆ. ಹಾಗಾದರೆ ನಮ್ಮವರ ಇಂಗ್ಲಿಷ್ ತಪ್ಪೋ, ನಿಘಂಟು ತಪ್ಪೋ? ಖರೀದಿದಾರರಿಗೆ ಈಗ ಏನು ಬರೆಯಲಿ? ಪ್ಯಾಕೆಟ್ ಮೇಲೆ ಯಾವ ಪದ ಹಾಕಲಿ?

ಉತ್ತರ: ಮೊದಲು ಒಂದು ಸಮಾಧಾನದ ಮಾತು. ದರಪಟ್ಟಿಯಲ್ಲಿ ತಪ್ಪಿಲ್ಲ. ನಿಮ್ಮ ಶಾಲೆಯಲ್ಲಿ ಹೇಳಿಕೊಟ್ಟದ್ದೂ ತಪ್ಪಲ್ಲ. ಖರೀದಿದಾರರು ಕೇಳಿದ ಪ್ರಶ್ನೆಯಂತೂ ನೀವು ಬರೆದ ಪದಕ್ಕೆ ತಕ್ಕ ಪ್ರಶ್ನೆಯೇ. ಮೆಣಸಿನ ವ್ಯಾಪಾರದಲ್ಲಿ ಗಾರ್ಬಲ್ ಮಾಡುವುದು ಎಂದರೆ ಜರಡಿ ಹಿಡಿದು, ಕೇರಿ, ಕಡ್ಡಿ, ಕಲ್ಲು, ದೂಳು, ಜೊಳ್ಳು ತೆಗೆದು ಹಸನು ಮಾಡುವುದು. ಗಾರ್ಬಲ್ಡ್ ಅಂದರೆ ಹಸನಾದ ಮೆಣಸು. ಅನ್‌ಗಾರ್ಬಲ್ಡ್ ಅಂದರೆ ಕಣದಲ್ಲಿ ಒಣಗಿಸಿ ಹಾಗೇ ಚೀಲಕ್ಕೆ ತುಂಬಿದ್ದು. ‘ನಮ್ಮ ಮಾಲು ಶುದ್ಧ’ ಎಂದು ಹೇಳಲು ಹೋಗಿ ‘ನಮ್ಮ ಮಾಲು ಇನ್ನೂ ಹಸನಾಗಿಲ್ಲ’ ಎಂದು ಬರೆದಿದ್ದೀರಿ, ಅಷ್ಟೇ. ಒಂದು ಪತ್ರದಿಂದ ಸರಿಹೋಗುವ ವಿಷಯ ಇದು. ಆ ಪತ್ರ ಹೇಗಿರಬೇಕು ಅನ್ನುವುದನ್ನು ಮುಂದೆ ಹೇಳುತ್ತೇನೆ.

ನೀವು ಎಡವಿದ ಜಾಗದಲ್ಲೇ ನಾನೂ ಎಡವಿದ್ದೇನೆ. ಇಪ್ಪತ್ತೈದು ವರ್ಷಕ್ಕೂ ಮೇಲಿಂದ ವ್ಯಾಪಾರದ ಕಾಗದಪತ್ರಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಮಾಡುತ್ತಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಾಂಬಾರ ಪದಾರ್ಥಗಳ ದರಪಟ್ಟಿಯೊಂದು ನನ್ನ ಮೇಜಿಗೆ ಬಂತು. ನಿಘಂಟು ತೆಗೆದು ನೋಡಿ, ಗಾರ್ಬಲ್ಡ್ ಎಂಬಲ್ಲಿ ‘ಬೆರಕೆ ಮೆಣಸು’ ಎಂದು ಬರೆದೆ. ಮಂಗಳೂರಿನ ಹಿರಿಯ ವ್ಯಾಪಾರಿಯೊಬ್ಬರು ಅದನ್ನು ಓದಿ ಕರೆಸಿಕೊಂಡರು. ಬೈಯಲಿಲ್ಲ. ಗೋದಾಮಿಗೆ ಕರೆದುಕೊಂಡು ಹೋಗಿ ಎರಡು ಚೀಲದಿಂದ ಒಂದೊಂದು ಹಿಡಿ ಮೆಣಸು ತೆಗೆದು ನನ್ನ ಎರಡೂ ಅಂಗೈಗೆ ಹಾಕಿದರು. ಎಡಗೈಯದರಲ್ಲಿ ತೊಟ್ಟು, ಸುಕ್ಕಿದ ಎಲೆಯ ಚೂರು, ಸಾಸಿವೆಯಷ್ಟು ಸಣ್ಣ ಕಾಳು, ಒಂದು ಹರಳು. ಬಲಗೈಯದರಲ್ಲಿ ಬರೀ ಕಾಳು, ಒಂದೇ ಮೈಕಟ್ಟಿನವು. ‘ಬಲಗೈಲಿ ಇರುವುದು ಗಾರ್ಬಲ್ಡ್. ಈಗ ನೀವೇ ಹೇಳಿ, ಯಾವುದು ಬೆರಕೆ?’ ಅಂದರು. ಆವತ್ತಿನಿಂದ ಈ ಪದ ನನಗೆ ಮರೆತಿಲ್ಲ. ಅದರ ಹಿಂದೆ ಬಿದ್ದು ಓದುತ್ತಾ ಹೋದ ಹಾಗೆ, ಇಂಗ್ಲಿಷಿನಲ್ಲಿ ಇಷ್ಟು ದೂರ ನಡೆದುಬಂದ ಪದಗಳು ಕಡಿಮೆ ಅನ್ನಿಸಿತು.

ಪದದ ಹುಟ್ಟು ಜರಡಿಯಲ್ಲೇ ಇದೆ. ಅರಬ್ಬಿಯಲ್ಲಿ ‘ಘಿರ್ಬಾಲ್’ ಎಂದರೆ ಜರಡಿ, ‘ಘರ್ಬಲ’ ಎಂದರೆ ಜರಡಿ ಹಿಡಿಯುವುದು. ಆ ಅರಬ್ಬಿ ಪದವೂ ಲ್ಯಾಟಿನ್ನಿನಲ್ಲಿ ಜರಡಿಗಿದ್ದ ‘ಕ್ರಿಬ್ರುಮ್’ ಎಂಬ ಪದದಿಂದ ಬಂದಿರಬೇಕು ಎನ್ನುವುದು ನಿಘಂಟುಕಾರರ ಎಣಿಕೆ. ಅದು ಹಾಗಿರಲಿ. ನಮಗೆ ಮುಖ್ಯವಾದದ್ದು ಅರಬ್ಬರಿಂದ ಮುಂದಿನ ದಾರಿ. ನಮ್ಮ ಪಶ್ಚಿಮ ಕರಾವಳಿಯ ಮೆಣಸು ಶತಮಾನಗಳ ಕಾಲ ಅರಬ್ ವ್ಯಾಪಾರಿಗಳ ಹಡಗಿನಲ್ಲಿ ಹೋಗುತ್ತಿತ್ತು. ಮಲಬಾರಿನ ಬಂದರುಗಳ ಜೊತೆಗೆ ಮಂಗಳೂರು, ಬಸರೂರು, ಭಟ್ಕಳ, ಹೊನ್ನಾವರದಿಂದಲೂ ಸಾಗುತ್ತಿತ್ತು. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದದ್ದು ಸುಮ್ನೆ ಅಲ್ಲ. ಹೀಗೆ ಹೋದ ಮೆಣಸು ಕೆಂಪು ಸಮುದ್ರ ಹಾದು ಅಲೆಕ್ಸಾಂಡ್ರಿಯಾಕ್ಕೆ, ಅಲ್ಲಿಂದ ವೆನಿಸ್‌ಗೆ, ಆಮೇಲೆ ಉತ್ತರದ ಊರುಗಳಿಗೆ ತಲುಪುತ್ತಿತ್ತು. ಮಾಲಿನ ಜೊತೆಗೆ ಮಾಲಿನ ಮಾತೂ ಹೋಯಿತು. ಇಟಲಿಯ ವರ್ತಕರು ಅರಬ್ಬಿ ಪದವನ್ನು ‘ಗಾರ್ಬೆಲ್ಲಾರೆ’ ಎಂದು ಹೇಳತೊಡಗಿದರು. 15ನೇ ಶತಮಾನದ ಹೊತ್ತಿಗೆ ಅದು ಇಂಗ್ಲಿಷಿನಲ್ಲಿ ‘ಗಾರ್ಬಲ್’ ಆಗಿತ್ತು. ಅರ್ಥ ಒಂದೇ ಒಂದು: ಸಾಂಬಾರ ಪದಾರ್ಥದಿಂದ ಕಸ ತೆಗೆಯುವುದು.

ಲಂಡನ್ನಿನಲ್ಲಿ ಇದು ಒಂದು ಹುದ್ದೆಯೇ ಆಗಿತ್ತು. ಆ ಕಾಲದಲ್ಲಿ ಮೆಣಸು ಅಲ್ಲಿ ಬಹಳ ದುಬಾರಿ. ಹಿಡಿ ಮೆಣಸಿಗೆ ಹಿಡಿ ಮಣ್ಣು ಬೆರೆಸಿದರೆ ಲಾಭ ಎಷ್ಟು ಎಂದು ಯಾರಾದರೂ ಲೆಕ್ಕ ಹಾಕಬಹುದು. ಹಾಗಾಗಿ ‘ಗಾರ್ಬ್ಲರ್’ ಎಂಬ ಅಧಿಕಾರಿಯನ್ನು ನೇಮಿಸುತ್ತಿದ್ದರು. ಆತ ಅಂಗಡಿ, ಗೋದಾಮುಗಳ ಒಳಗೆ ಹೋಗಿ ಸಾಂಬಾರ ಪದಾರ್ಥ ಮತ್ತು ಔಷಧಿ ಸಾಮಾನು ನೋಡಬಹುದಿತ್ತು, ಹಸನು ಮಾಡಿಸಬಹುದಿತ್ತು. ತೆಗೆದ ಕಸಕ್ಕೆ ‘ಗಾರ್ಬಲ್ಸ್’ ಎಂಬ ಹೆಸರೇ ಇತ್ತು. ಒಂದನೇ ಜೇಮ್ಸ್ ರಾಜನ ಆಳ್ವಿಕೆಯ ಮೊದಲ ವರ್ಷಗಳಲ್ಲಿ, ಅಂದರೆ 17ನೇ ಶತಮಾನದ ಶುರುವಿನಲ್ಲಿ, ಸಾಂಬಾರ ಪದಾರ್ಥಗಳನ್ನು ಸರಿಯಾಗಿ ಗಾರ್ಬಲ್ ಮಾಡಬೇಕೆಂದು ಪಾರ್ಲಿಮೆಂಟ್ ಕಾಯ್ದೆಯನ್ನೇ ಮಾಡಿತು. ಸುಮಾರು ನೂರು ವರ್ಷ ನಡೆದ ಆ ಕಾಯ್ದೆಯನ್ನು ರಾಣಿ ಆ್ಯನ್ ಕಾಲದಲ್ಲಿ, 1707ರ ಕಾನೂನು ರದ್ದು ಮಾಡಿತು. ಗಾರ್ಬಲ್ ಮಾಡುವ ಶುಲ್ಕ ತಪ್ಪಿಹೋದ ಲಂಡನ್ ನಗರಕ್ಕೆ ಅದರ ಬದಲಾಗಿ ದಲ್ಲಾಳಿಗಳಿಗೆ ಪರವಾನಗಿ ಕೊಡುವ ಹಕ್ಕು ಸಿಕ್ಕಿತು. ಇಷ್ಟು ವಿವರ ಯಾಕೆ ಹೇಳಿದೆನೆಂದರೆ, ಈ ಪದವನ್ನು ‘ಹಸನು ಮಾಡು’ ಎಂಬ ಅರ್ಥದಲ್ಲಿ ಬಳಸಿದ್ದು ಯಾರೋ ಅರೆಬರೆ ಇಂಗ್ಲಿಷ್ ಬಲ್ಲವರಲ್ಲ. ಇಂಗ್ಲೆಂಡಿನ ಕಾನೂನೇ ಬಳಸಿತ್ತು.

ಹಾಗಾದರೆ ಒಳ್ಳೆಯ ಪದ ಕೆಟ್ಟದ್ದು ಹೇಗಾಯಿತು? ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ಜರಡಿ ಹಿಡಿಯುವುದು ಎಂದರೆ ಎರಡು ಕೆಲಸ. ಬೇಕಾದದ್ದು ಉಳಿಸಿಕೊಳ್ಳುವುದು, ಬೇಡದ್ದು ಬಿಡುವುದು. ಮೆಣಸಿನ ವಿಷಯದಲ್ಲಿ ಏನು ಬೇಕು, ಏನು ಬೇಡ ಎಂಬುದರಲ್ಲಿ ಜಗಳವಿಲ್ಲ. ಕಲ್ಲು ಯಾರಿಗೂ ಬೇಡ. ಆದರೆ 15ನೇ ಶತಮಾನ ಮುಗಿಯುವ ಹೊತ್ತಿಗೇ ಈ ಪದ ಸಾಂಬಾರ ಪೆಟ್ಟಿಗೆ ಬಿಟ್ಟು ಹೊರಗೆ ಬಂದಿತ್ತು. ಯಾವುದರಲ್ಲೇ ಆಗಲಿ ಚೆನ್ನಾಗಿರುವುದನ್ನು ಆರಿಸಿಕೊಳ್ಳುವುದಕ್ಕೆ ಗಾರ್ಬಲ್ ಅನ್ನತೊಡಗಿದರು. ಮುಂದೆ ಸೈನ್ಯದಿಂದಲೋ ನಗರಸಭೆಯಿಂದಲೋ ಬೇಡದವರನ್ನು ತೆಗೆದುಹಾಕುವುದಕ್ಕೂ ಅದೇ ಪದ ಬಂತು. ಇಲ್ಲಿಂದ ತೊಡಕು ಶುರು. ಯಾರಿಗೆ ಬೇಡದವರು? ಆರಿಸುವವನಿಗೆ! ಜರಡಿ ಹಿಡಿದ ಕೈಗೆ ಒಂದು ಸ್ವಾರ್ಥ ಸೇರಿಕೊಂಡಿತು.

ಕೊನೆಗೆ ಅದು ಮಾತಿನ ಮೇಲೆ ಬಂದು ಕೂತಿತು. ಒಬ್ಬರು ಬರೆದ ಪತ್ರದಿಂದಲೋ ಭಾಷಣದಿಂದಲೋ ತನಗೆ ಬೇಕಾದ ನಾಲ್ಕು ಸಾಲು ಮಾತ್ರ ಆರಿಸಿ, ಉಳಿದದ್ದು ಬಿಟ್ಟು, ‘ನೋಡಿ, ಅವರು ಹೀಗೆ ಹೇಳಿದ್ದಾರೆ’ ಎಂದು ತೋರಿಸುವುದು ನಮಗೆ ಗೊತ್ತಿಲ್ಲದ ವಿದ್ಯೆಯೇ? 17ನೇ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲಿಷರು ಇದನ್ನೂ ಗಾರ್ಬಲ್ ಅಂದರು. ಗಮನಿಸಿ, ಇಲ್ಲೂ ಜರಡಿಯ ಅರ್ಥ ಹಾಗೇ ಇದೆ. ಆರಿಸುವ ಕೆಲಸವೇ ನಡೆದಿದೆ. ಆದರೆ ಆರಿಸಿದ ರೀತಿಯಿಂದ ನಿಜ ತಿರುಚಿಹೋಗಿದೆ. ಕಾಳು ಬಿಟ್ಟು ಕಸ ಎತ್ತಿಕೊಂಡ ಹಾಗೆ.

ದುಡ್ಡಿನಲ್ಲೂ ಇದೇ ಕಥೆ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಕೆಲವರು ಕೈಗೆ ಬಂದ ಚಿನ್ನದ ನಾಣ್ಯಗಳಲ್ಲಿ ಹೊಸದಾದ, ಪೂರ್ತಿ ತೂಕದ ನಾಣ್ಯಗಳನ್ನು ಆರಿಸಿ ಕರಗಿಸಲೋ ಹೊರದೇಶಕ್ಕೆ ಕಳಿಸಲೋ ಇಟ್ಟುಕೊಳ್ಳುತ್ತಿದ್ದರು. ಸವೆದ ನಾಣ್ಯಗಳನ್ನು ಮತ್ತೆ ಚಲಾವಣೆಗೆ ಬಿಡುತ್ತಿದ್ದರು. ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಇದನ್ನು ವಿವರಿಸುವಾಗ ಬಳಸಿದ್ದು ಇದೇ ಗಾರ್ಬಲ್ ಪದ. ಆರಿಸುವವರಿಗೆ ಲಾಭ, ಸಂತೆಯಲ್ಲಿ ಉಳಿದವರಿಗೆ ಸವೆದ ನಾಣ್ಯ.

ಇನ್ನು ಒಂದೇ ಹೆಜ್ಜೆ ಉಳಿಯಿತು. ಬೇಕೆಂದೇ ತಿರುಚುವುದು ಅನ್ನುವ ಅರ್ಥದಿಂದ, ತಾನಾಗಿಯೇ ಕೆಟ್ಟುಹೋಗುವುದು ಎಂಬ ಅರ್ಥಕ್ಕೆ ಜಾರುವುದು. ತಂತಿ ಸಂದೇಶ ಬಂದ ಮೇಲೆ ಅಕ್ಷರಗಳು ದಾರಿಯಲ್ಲಿ ಅದಲುಬದಲಾಗುವುದು ದಿನನಿತ್ಯದ ಮಾತಾಯಿತು. ಹಾಗೆ ಕೆಟ್ಟು ಬಂದ ಸಂದೇಶವನ್ನು ಗಾರ್ಬಲ್ಡ್ ಅಂದರು. ಆಮೇಲೆ ದೂರವಾಣಿ, ರೇಡಿಯೊ, ಈಗ ಫೋನಿನ ಧ್ವನಿ. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಕನ್ನಡದ ಬದಲು ವಿಚಿತ್ರ ಚಿಹ್ನೆಗಳು ಸಾಲುಗಟ್ಟಿ ಬರುತ್ತವೆ, ಅಲ್ವಾ? ಇಂಗ್ಲಿಷ್ ಬಲ್ಲವರು ಅದನ್ನು ನೋಡಿದರೆ ‘ಗಾರ್ಬಲ್ಡ್ ಟೆಕ್ಸ್ಟ್’ ಅಂತಲೇ ಹೇಳುವುದು. ನಿಮ್ಮ ಶಾಲೆಯ ಪಾಠದಲ್ಲಿ ಇದ್ದದ್ದು ಈ ಅರ್ಥ. ಇವತ್ತು ಪೇಟೆಯಲ್ಲಿ, ಪತ್ರಿಕೆಯಲ್ಲಿ, ಕಚೇರಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಕಡೆ ಸಿಗುವುದೂ ಇದೇ ಎಂದು ನನ್ನ ಕೆಲಸದ ಅನುಭವದಿಂದ ಹೇಳಬಲ್ಲೆ.

ಪದವೊಂದು ಹೀಗೆ ಮೇಲಿನಿಂದ ಕೆಳಕ್ಕೆ ಇಳಿಯುವುದು ನಮಗೆ ಹೊಸದಲ್ಲ. ‘ವಾಸನೆ’ ತೆಗೆದುಕೊಳ್ಳಿ. ಮೂಲದಲ್ಲಿ ಅದಕ್ಕೆ ಕೆಟ್ಟ ಅರ್ಥವಿಲ್ಲ. ಹೂವಿಗೂ ವಾಸನೆ ಇದೆ, ಮೆಣಸಿಗೂ ಇದೆ. ಆದರೆ ಯಾರಾದರೂ ಮನೆಯೊಳಗೆ ಬಂದು ‘ಏನೋ ವಾಸನೆ ಬರ್ತಿದೆ’ ಅಂದರೆ ನಾವು ಮೂಲೆಯಲ್ಲಿ ಸತ್ತ ಇಲಿ ಹುಡುಕುತ್ತೇವೆ. ಒಳ್ಳೆಯದಾದರೆ ‘ಘಮ ಘಮ’ ಅಂತೀವಿ, ‘ಪರಿಮಳ’ ಅಂತೀವಿ. ಹಾಗಂತ ‘ಮಲ್ಲಿಗೆಯ ವಾಸನೆ’ ಎಂದು ಬರೆದವರ ಕನ್ನಡ ತಪ್ಪೇ? ಇಲ್ಲ. ಗಾರ್ಬಲ್ ಪದಕ್ಕೂ ಅಷ್ಟೇ ಆಗಿದೆ. ಪೇಟೆಯ ಮಾತು ಬದಲಾಯಿತು, ಮೆಣಸಿನ ಗೋದಾಮಿನ ಮಾತು ಬದಲಾಗಲಿಲ್ಲ.

ಈಗ ಕೆಲವು ತಪ್ಪು ತಿಳಿವಳಿಕೆಗಳ ಬಗ್ಗೆ. ‘ಇದು ನಮ್ಮ ದೇಶದ ವ್ಯಾಪಾರಿಗಳು ಮಾಡಿಕೊಂಡ ಇಂಗ್ಲಿಷ್’ ಎಂದು ನಗುವವರನ್ನು ನೋಡಿದ್ದೇನೆ. ನಗುವ ಮೊದಲು ನಿಘಂಟಿನ ನಮೂದನ್ನು ಕೊನೆಯವರೆಗೆ ಓದಬೇಕು. ದೊಡ್ಡ ಇಂಗ್ಲಿಷ್ ನಿಘಂಟುಗಳಲ್ಲಿ ಜರಡಿಯ ಅರ್ಥ ಇವತ್ತಿಗೂ ಇದೆ. ಚಿಕ್ಕ ನಿಘಂಟುಗಳು ಜಾಗ ಉಳಿಸಲು ಅದನ್ನು ಕೈಬಿಟ್ಟಿವೆ. ಜೇಬಿನ ನಿಘಂಟನ್ನೋ ಫೋನಿನಲ್ಲಿ ಬರುವ ಮೊದಲ ಸಾಲನ್ನೋ ನೋಡಿ ವ್ಯಾಪಾರದ ಪದಕ್ಕೆ ಅರ್ಥ ಹೇಳಬಾರದು ಎಂದು ನಾನು ಕಲಿತದ್ದು ಇದರಿಂದಲೇ. ಇನ್ನು ಕೆಲವರು ‘ಗಾರ್ಬೇಜ್’ ಪದದಿಂದ ಗಾರ್ಬಲ್ಡ್ ಹುಟ್ಟಿತು ಅನ್ನುತ್ತಾರೆ. ಕೇಳಲು ಚೆನ್ನಾಗಿದೆ, ಎರಡರಲ್ಲೂ ಕಸ ಇದೆ. ಆದರೆ ಗಾರ್ಬಲ್ ಬಂದದ್ದು ಅರಬ್ಬಿ ಜರಡಿಯಿಂದ. ಗಾರ್ಬೇಜ್ ಪದದ ಹುಟ್ಟು ಬೇರೆ, ಅದಕ್ಕೆ ಮೊದಲು ಇದ್ದ ಅರ್ಥ ಕೋಳಿ ಮುಂತಾದವುಗಳ ಕರುಳು, ಒಳಗಿನ ಭಾಗ. ಮುಂದೆ ಅದು ‘ಕಸ’ ಎಂಬ ಅರ್ಥಕ್ಕೆ ಬರಲು ಗಾರ್ಬಲ್ ಪದದ ಪ್ರಭಾವ ಇದ್ದಿರಬಹುದು ಎಂದು ವಿದ್ವಾಂಸರು ಹೇಳುತ್ತಾರೆ. ಅಷ್ಟರಿಂದ ತಾಯಿ ಮಗಳು ಅನ್ನಲಾಗದು.

ನಿಮ್ಮ ತಂಗಿಯ ಪುಸ್ತಕದ್ದೂ ಹಳೆಯ ಅರ್ಥವೇ. ಔಷಧಿ ಗಿಡಗಳ ಪಾಠದಲ್ಲಿ ಕೊಯ್ಲು, ಒಣಗಿಸುವುದು, ಆಮೇಲೆ ಗಾರ್ಬ್ಲಿಂಗ್, ಪ್ಯಾಕಿಂಗ್ ಎಂದು ಹಂತಗಳು ಬರುತ್ತವೆ. ಬೇರಿಗೆ ಅಂಟಿದ ಮಣ್ಣು, ಎಲೆಯ ಜೊತೆ ಬಂದ ಕಡ್ಡಿ, ಬೇರೆ ಗಿಡದ ಚೂರು ತೆಗೆಯುವುದು ಅಲ್ಲಿ ಗಾರ್ಬ್ಲಿಂಗ್. ಅಮೆರಿಕದಲ್ಲಿ ಗಿಡಮೂಲಿಕೆ ಒಣಗಿಸಿ ಮಾರುವವರೂ ದಂಟಿನಿಂದ ಎಲೆ ಉದುರಿಸಿ ಬೇರೆ ಮಾಡುವುದಕ್ಕೆ ಇದೇ ಪದ ಹೇಳುತ್ತಾರೆ. ಲಂಡನ್ನಿನ ಗಾರ್ಬ್ಲರ್ ಮೆಣಸಿನ ಜೊತೆ ಔಷಧಿ ಸಾಮಾನನ್ನೂ ನೋಡುತ್ತಿದ್ದ ಎಂದೆನಲ್ಲ, ಆ ಎರಡು ಕಸುಬಿನಲ್ಲೇ ಪದ ಇವತ್ತಿಗೂ ಜೀವಂತ ಇದೆ. ನಿಮ್ಮ ಒಂದೇ ಮನೆಯಲ್ಲಿ ಅಕ್ಕನ ದರಪಟ್ಟಿಯಲ್ಲಿ, ತಂಗಿಯ ಪಠ್ಯದಲ್ಲಿ ಅದು ಸಿಕ್ಕಿರುವುದು ನನಗೆ ತುಂಬಾ ಖುಷಿ ಕೊಟ್ಟಿತು.

ಇನ್ನು ವ್ಯವಹಾರಕ್ಕೆ ಬರೋಣ. ವ್ಯಾಪಾರದಲ್ಲಿ ಗಾರ್ಬಲ್ಡ್ ಎನ್ನುವುದು ಬರೀ ‘ಕ್ಲೀನ್’ ಎಂಬ ಹೊಗಳಿಕೆಯಲ್ಲ. ಅದಕ್ಕೆ ಅಳತೆ ಇದೆ. ‘ಎಂಜಿ-1’ ಎಂದರೆ ಮಲಬಾರ್ ಗಾರ್ಬಲ್ಡ್ ಒಂದನೇ ದರ್ಜೆ. ಅದಕ್ಕೆ ತೇವಾಂಶ ನೂರಕ್ಕೆ 11 ಮೀರಬಾರದು, ಜೊಳ್ಳು ಕಾಳು ನೂರಕ್ಕೆ 2 ಮೀರಬಾರದು, ಕಸಕಡ್ಡಿ ನೂರಕ್ಕೆ ಅರ್ಧವನ್ನೂ ದಾಟಬಾರದು. ಜೊಳ್ಳು ಎಷ್ಟಿದೆ ಎಂದು ಕಣ್ಣಳತೆಯಲ್ಲಿ ಹೇಳುವುದಿಲ್ಲ. ಆಲ್ಕೋಹಾಲ್ ಮತ್ತು ನೀರು ಬೆರೆಸಿದ ದ್ರವದಲ್ಲಿ ಹಾಕಿ, ತೇಲಿದ ಕಾಳನ್ನು ತೂಗುತ್ತಾರೆ. ಇದರ ಜೊತೆ ಲೀಟರ್ ತೂಕ ಕೇಳುತ್ತಾರೆ. ಒಂದು ಲೀಟರ್ ಅಳತೆಯ ಪಾತ್ರೆಯಲ್ಲಿ ಹಿಡಿಸುವ ಮೆಣಸು ಎಷ್ಟು ಗ್ರಾಂ ತೂಗುತ್ತದೆ ಎನ್ನುವುದು. 550 ಗ್ರಾಂ ತೂಗಿದರೆ ಗಟ್ಟಿ ಕಾಳು ಎಂದು ಲೆಕ್ಕ. ಮನೆಯಲ್ಲಿ ಗೆರಸಿ ಹಿಡಿದು ಕೇರುವಾಗ ಜೊಳ್ಳು ಹಾರಿ ಮುಂದೆ ಬೀಳುತ್ತದೆ, ಗಟ್ಟಿ ಕಾಳು ಹಿಂದೆ ಉಳಿಯುತ್ತದೆ. ಅದೇ ತತ್ವ ಇಲ್ಲಿ ಅಂಕಿಯಾಗಿದೆ.

‘ಟೆಲಿಚೆರಿ’ ಎಂಬ ಹೆಸರಿನ ಬಗ್ಗೆಯೂ ಒಂದು ಎಚ್ಚರಿಕೆ. ಅದು ತಲಶ್ಶೇರಿ ಊರಿನ ಹೆಸರು. ಆದರೆ ದರ್ಜೆಯ ಪಟ್ಟಿಯಲ್ಲಿ ಅದು ಕಾಳಿನ ಗಾತ್ರ ಹೇಳುತ್ತದೆ. ‘ಟಿಜಿಎಸ್‌ಇಬಿ’, ಅಂದರೆ ಟೆಲಿಚೆರಿ ಗಾರ್ಬಲ್ಡ್ ಸ್ಪೆಷಲ್ ಎಕ್ಸ್‌ಟ್ರಾ ಬೋಲ್ಡ್, 4.75 ಮಿಲಿಮೀಟರ್ ಕಣ್ಣಿನ ಜರಡಿಯ ಮೇಲೆ ಉಳಿಯುವ ದಪ್ಪ ಕಾಳು. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ‘ಟಿಜಿಇಬಿ’, 4.25ರ ಜರಡಿಯದು. ಕೊಡಗಿನಲ್ಲಿ ಬೆಳೆದ ಪನ್ನಿಯೂರು-1 ತಳಿಯ ಕಾಳು ದಪ್ಪ ಬರುತ್ತದೆ. ಆ ಜರಡಿಯಲ್ಲಿ ನಿಂತರೆ ಅದನ್ನೂ ಈ ದರ್ಜೆಗೆ ಸೇರಿಸುತ್ತಾರೆ. ಇಲ್ಲೂ ‘ಬೋಲ್ಡ್’ ಎಂದರೆ ಧೈರ್ಯವಲ್ಲ, ದಪ್ಪ. ವ್ಯಾಪಾರದ ಇಂಗ್ಲಿಷನ್ನು ಶಾಲೆಯ ಇಂಗ್ಲಿಷಿನ ಕಣ್ಣಿನಿಂದ ಓದಿದರೆ ಇಂಥ ಕಡೆ ಮುಗ್ಗರಿಸುತ್ತೇವೆ.

ಹಾಗಾದರೆ ಖರೀದಿದಾರರಿಗೆ ಏನು ಬರೆಯಬೇಕು? ನಿಮ್ಮ ಮುಂದೆ ಮೂರು ದಾರಿ ಇವೆ. ‘ಕ್ಷಮಿಸಿ, ನಮ್ಮ ಮೆಣಸು ಗಾರ್ಬಲ್ಡ್’ ಎಂದು ಒಂದೇ ಸಾಲು ಬರೆಯಬಹುದು. ಸುಲಭ, ಆದರೆ ಅಪಾಯ ಇದೆ. ಕಣದಲ್ಲಿ ಒಣಗಿಸಿ, ಮನೆಯಲ್ಲೇ ಒಂದು ಸಲ ಜರಡಿ ಹಿಡಿದ ಮಾಲು ಮೇಲಿನ ಅಳತೆಗೆ ನಿಲ್ಲದೇ ಹೋಗಬಹುದು. ಮಾಲು ಅಲ್ಲಿ ತಲುಪಿ, ಪರೀಕ್ಷೆಯಲ್ಲಿ ಜೊಳ್ಳು ಜಾಸ್ತಿ ಬಂದರೆ ದರದಲ್ಲಿ ಕಡಿತ, ಇಲ್ಲವೇ ಪೂರ್ತಿ ಸರಕು ವಾಪಸ್. ಮೊದಲ ವ್ಯವಹಾರದಲ್ಲೇ ಹೆಸರು ಕೆಡುತ್ತದೆ. ಎರಡನೆಯ ದಾರಿ, ಅನ್‌ಗಾರ್ಬಲ್ಡ್ ಎಂದೇ ಉಳಿಸಿ ಅವರು ಹೇಳಿದ ದರ ಒಪ್ಪುವುದು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಅನ್‌ಗಾರ್ಬಲ್ಡ್ ಎಂದರೆ ಕಳಪೆ ಅಂತಲ್ಲ, ಹಸನು ಮಾಡುವ ಖರ್ಚನ್ನು ಕೊಂಡವರು ಹೊರುತ್ತಾರೆ ಅಂತ. ತುಂಬಾ ಬೆಳೆಗಾರರು ಮಂಡಿಗೆ ಕೊಡುವುದು ಹೀಗೇ. ಆದರೆ ನೀವು ಮನೆಯಲ್ಲಿ ಕೆಲಸದವರನ್ನಿಟ್ಟು ಈಗಾಗಲೇ ಕೇರಿಸಿ ಆರಿಸಿದ್ದರೆ, ಆ ಕೂಲಿ ಹಣ ಸುಮ್ನೆ ಹೋಗುತ್ತದೆ.

ನಾನು ಹೇಳುವುದು ಮೂರನೆಯ ದಾರಿ. ಪದವನ್ನು ಬದಿಗಿಟ್ಟು ಕೆಲಸ ವಿವರಿಸಿ, ಅಂಕಿ ಕೊಡಿ. ಇಂಗ್ಲಿಷಿನಲ್ಲಿ ಬರೆಯಬೇಕಾದ ಪತ್ರದ ಸಾರ ಇಷ್ಟು: ‘ಹಿಂದಿನ ಪತ್ರದಲ್ಲಿ ಅನ್‌ಗಾರ್ಬಲ್ಡ್ ಎಂಬ ಪದವನ್ನು ಅದರ ಸಾಮಾನ್ಯ ಅರ್ಥದಲ್ಲಿ ಬಳಸಿದ್ದೆ, ವ್ಯಾಪಾರದ ಅರ್ಥದಲ್ಲಿ ಅಲ್ಲ. ನಮ್ಮ ಮೆಣಸನ್ನು ಜರಡಿ ಹಿಡಿದು, ಕೇರಿ, ಕೈಯಿಂದ ಆರಿಸಿ ಹಸನು ಮಾಡಲಾಗಿದೆ. ತೇವಾಂಶ ಇಷ್ಟು, ಜೊಳ್ಳು ಇಷ್ಟು, ಕಸ ಇಷ್ಟು, ಲೀಟರ್ ತೂಕ ಇಷ್ಟು. ಮಾದರಿ ಕಳಿಸುತ್ತಿದ್ದೇವೆ. ನೀವು ಪರೀಕ್ಷಿಸಿ ದರ್ಜೆ ತಿಳಿಸಿ.’ ಈ ಅಂಕಿಗಳನ್ನು ಊಹಿಸಿ ಬರೆಯಬೇಡಿ. ಮೊದಲು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಸ್ವಲ್ಪ ಖರ್ಚು, ಸ್ವಲ್ಪ ತಡ ಆಗುತ್ತದೆ. ಆದರೆ ಅಂಕಿ ಕೈಯಲ್ಲಿದ್ದರೆ ದರದ ಮಾತುಕತೆಯಲ್ಲಿ ನಿಮ್ಮ ಮಾತಿಗೆ ತೂಕ ಬರುತ್ತದೆ. ಅವರು ‘ಎಂಜಿ-1 ಸರಿ’ ಎಂದು ಒಪ್ಪಿದ ಮೇಲೆ, ಬಿಲ್ಲಿನಲ್ಲಿ ಧೈರ್ಯವಾಗಿ ಗಾರ್ಬಲ್ಡ್ ಎಂದು ಬರೆಯಿರಿ.

ತಪ್ಪನ್ನು ಒಪ್ಪಿಕೊಂಡು ಬರೆದರೆ ಚಿಕ್ಕವರಾಗುತ್ತೇವೇನೋ ಎಂಬ ಅಳುಕು ಬೇಡ. ಸಾಂಬಾರ ಪದಾರ್ಥ ಕೊಳ್ಳುವವರಿಗೆ ಈ ಪದದ ಎರಡು ಮುಖ ಚೆನ್ನಾಗಿ ಗೊತ್ತಿರುತ್ತದೆ. ಹೊಸಬರು ಎಡವುವುದನ್ನು ಅವರು ಮೊದಲೇ ನೋಡಿರುತ್ತಾರೆ.

ಪ್ಯಾಕೆಟ್ ವಿಷಯ ಬೇರೆಯೇ. ಅದನ್ನು ಓದುವವರು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಅಡುಗೆ ಮನೆಗೆ ನೂರು ಗ್ರಾಂ ಮೆಣಸು ಕೊಳ್ಳುವವರು. ಅವರಿಗೆ ‘ಗಾರ್ಬಲ್ಡ್ ಪೆಪ್ಪರ್’ ಎಂದರೆ ಏನೋ ಎಡವಟ್ಟಾಗಿದೆ ಎಂದೇ ಅನ್ನಿಸೀತು. ದರ್ಜೆಯ ಹೆಸರನ್ನು ಮುಖಪುಟದಲ್ಲಿ ದೊಡ್ಡದಾಗಿ ಹಾಕಬೇಡಿ. ಇಂಗ್ಲಿಷಿನಲ್ಲಿ ‘ಕ್ಲೀನ್ಡ್ ಆ್ಯಂಡ್ ಗ್ರೇಡೆಡ್’ ಸಾಕು. ಇಲ್ಲಿ ಪದಗಳ ನಡುವಿನ ಸಣ್ಣ ವ್ಯತ್ಯಾಸ ನೋಡಿಕೊಳ್ಳಿ. ‘ಸಾರ್ಟ್’ ಎಂದರೆ ಬಗೆಬಗೆಯಾಗಿ ವಿಂಗಡಿಸುವುದು. ಅದರಲ್ಲಿ ಕಸ ತೆಗೆದಿದ್ದೀರಿ ಎಂಬ ಭರವಸೆ ಇಲ್ಲ. ‘ಸಿಫ್ಟ್’ ಎಂದರೆ ಹಿಟ್ಟು, ಸಕ್ಕರೆಯಂಥ ನುಣ್ಣಗಿನದನ್ನು ಜಾಲಿಸಿದ ಹಾಗೆ ಕೇಳುತ್ತದೆ. ‘ಗ್ರೇಡ್’ ಎಂದರೆ ಗಾತ್ರಕ್ಕೆ, ಗುಣಕ್ಕೆ ತಕ್ಕಂತೆ ದರ್ಜೆ ಮಾಡುವುದು. ‘ವಿನ್ನೋ’ ಎಂದರೆ ಗಾಳಿಗೆ ತೂರುವುದು, ಆ ಪದದ ಬೇರಿನಲ್ಲೇ ಗಾಳಿಯ ‘ವಿಂಡ್’ ಇದೆ. ಇವೆಲ್ಲ ಸೇರಿ ಆಗುವ ಕೆಲಸವನ್ನು ಒಂದೇ ಪದದಲ್ಲಿ ಹೇಳುತ್ತಿದ್ದುದು ಗಾರ್ಬಲ್. ಅದನ್ನು ಸಾಮಾನ್ಯ ಇಂಗ್ಲಿಷ್ ಕಳೆದುಕೊಂಡಿತಲ್ಲ ಎಂದು ನನಗೆ ನಿಜವಾಗಿಯೂ ಬೇಸರವಿದೆ.

ಅಗ್‌ಮಾರ್ಕ್ ಹೆಸರನ್ನಾಗಲಿ ಚಿಹ್ನೆಯನ್ನಾಗಲಿ ಅಧಿಕೃತ ಪ್ರಮಾಣಪತ್ರ ಇಲ್ಲದೆ ಪ್ಯಾಕೆಟ್ ಮೇಲೆ ಹಾಕುವಂತಿಲ್ಲ. ದರ್ಜೆಯ ಹೆಸರು ಗೊತ್ತಾದ ಖುಷಿಯಲ್ಲಿ ಅದನ್ನೂ ಸೇರಿಸಿಬಿಟ್ಟು ತೊಂದರೆಗೆ ಸಿಕ್ಕಿಕೊಂಡವರಿದ್ದಾರೆ. ‘ಟೆಲಿಚೆರಿ’ ಎಂದು ಬರೆಯುವ ಆಸೆಯಾದರೆ ಮೊದಲು ಜರಡಿಯ ಕಣ್ಣು ಅಳೆಯಿರಿ.

ಕನ್ನಡದಲ್ಲಿ ಏನು ಹಾಕಬೇಕು ಎಂದರೆ, ನಮ್ಮಲ್ಲಿ ಪದಕ್ಕೆ ಬರವಿಲ್ಲ. ಅಕ್ಕಿ ಆರಿಸುತ್ತೇವೆ, ರಾಗಿ ಕೇರುತ್ತೇವೆ, ಭತ್ತ ತೂರುತ್ತೇವೆ, ಹಿಟ್ಟು ಜಾಲಿಸುತ್ತೇವೆ, ಕಾಳು ಹಸನು ಮಾಡುತ್ತೇವೆ. ಗಾರ್ಬಲ್ಡ್ ಪದಕ್ಕೆ ಸರಿಯಾಗಿ ಕೂರುವುದು ಕೊನೆಯದು. ಮಂಗಳೂರಿನ ಆ ಗೋದಾಮಿನಿಂದ ಬಂದ ದಿನವೇ ‘ಬೆರಕೆ ಮೆಣಸು’ ಹೊಡೆದು ಹಾಕಿ ನಾನು ಬರೆದದ್ದು ‘ಹಸನು ಮಾಡಿದ ಮೆಣಸು’. ಆಮೇಲೆ ಎಷ್ಟೋ ದರಪಟ್ಟಿ ಅನುವಾದ ಮಾಡಿದ್ದೇನೆ, ಆ ಪದ ಬದಲಿಸಬೇಕು ಎಂದು ಯಾವ ವ್ಯಾಪಾರಿಯೂ ಹೇಳಿಲ್ಲ. ‘ಹಸನು ಮಾಡಿದ ಕಾಳುಮೆಣಸು, ಸೋಮವಾರಪೇಟೆ’ ಎಂದು ಹಾಕಿ ನೋಡಿ. ಖರೀದಿದಾರರಿಗೆ ಮಾದರಿ ಕಳಿಸುವಾಗ ಮಾತ್ರ ಒಂದು ಕಿಲೋ ಮೆಣಸನ್ನು ಬೇರೆಯಾಗಿ ಆರಿಸಿ ಚಂದ ಮಾಡಿ ಕಳಿಸಬೇಡಿ. ಚೀಲದ ಮೇಲೆ, ನಡುವೆ, ತಳ, ಮೂರೂ ಕಡೆಯಿಂದ ತೆಗೆದು ಬೆರೆಸಿ, ಅದನ್ನೇ ಕಳಿಸಿ. ಅದೇ ಚೀಲದ ಇನ್ನೊಂದು ಮಾದರಿಯನ್ನು ದಿನಾಂಕ ಬರೆದು ನಿಮ್ಮಲ್ಲೂ ಇಟ್ಟುಕೊಳ್ಳಿ.